ಕೇಬಲ್ ಬಾಕಿಗೆ ಸಾವಿನ ಹಲಗೆ

ಹಲಗೆಯ ಸದ್ದು ಕೇಳಿದಾಗ ನಾನು ಮೊಣಕಾಲುಮಟ್ಟ ಕೆಸರಿನಲ್ಲಿ ನಿಂತಿದ್ದೆ. ಭತ್ತದ ನಾಟಿ ನಡೆದಿತ್ತು. ಒಮ್ಮೆ ಬಗ್ಗಿದರೆ ಸಾಲು ಮುಗಿಯುವ ತನಕ ಬೆನ್ನು ಎತ್ತುವ ಹಾಗಿಲ್ಲ. ಎತ್ತಿದವಳನ್ನು ಮೇಸ್ತ್ರಿ ಬದುವಿನ ಮೇಲೆ ನಿಂತೇ ಬೈಯುತ್ತಾನೆ. ಅವತ್ತು ಎಲ್ಲರೂ ಬೆನ್ನು ಎತ್ತಿದೆವು. ಒಂದು ಏಟು, ನಿಲುಗಡೆ, ಮತ್ತೆ ಜೋಡಿ ಏಟು. ಅದು ಸಾವಿನ ಬಡಿತ. ನಮ್ಮ ಕೇರಿಯ ಕೂಸಿಗೂ ಅದರ ಗುರುತು ಇದೆ.

ನಮ್ಮ ಕೇರಿಯಲ್ಲಿ ಬೇರೆ ಯಾವುದಕ್ಕೂ ಹಲಗೆ ಬಾರಿಸುವುದಿಲ್ಲ. ಹಿಂದೆ ಬಾರಿಸುತ್ತಿದ್ದರು. ಊರ ದೇವರಿಗೆ ಬಾರಿಸಿದರು, ಊರಿನವರ ಮದುವೆಗೆ ಬಾರಿಸಿದರು, ಎಂಜಲೆಲೆ ಎತ್ತುವ ತನಕ ಕಾದು ಉಳಿದ ಅನ್ನ ತಂದು ಉಂಡರು. ನನ್ನ ಮಾವನ ವಾರಿಗೆಯವರು ಒಂದು ದಿನ ಕೂತು ಮಾತಾಡಿ, ಇನ್ನು ಊರಿಗೆ ಬಾರಿಸುವುದಿಲ್ಲ ಅಂದರು. ಅಂದದ್ದಕ್ಕೆ ಒದೆ ತಿಂದರು. ಒಂದಿಡೀ ಬೇಸಿಗೆ ಅವರಿಗೆ ಯಾರೂ ಕೂಲಿ ಕೊಡಲಿಲ್ಲ. ಆದರೂ ಬಾರಿಸಲಿಲ್ಲ. ಈಗ ಉಳಿದಿರುವುದು ಒಂದೇ ಹಲಗೆ, ಮಾರೆಮ್ಮನ ಗುಡಿಯ ಗೂಟಕ್ಕೆ ತೂಗುಹಾಕಿದ್ದು. ನಮ್ಮವರು ಸತ್ತಾಗ ನಮ್ಮವರೇ ಇಳಿಸಿ ಬಾರಿಸುತ್ತಾರೆ, ಮಣ್ಣು ಮಾಡಿ ಬಂದು ಮತ್ತೆ ಅಲ್ಲೇ ತೂಗುಹಾಕುತ್ತಾರೆ.

ಬದುವಿನ ಮೇಲೆ ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕನನ್ನು ಯಾರೋ ಕೇಳಿದರು, ಯಾರ ಮನಿ ಮುಂದಪ್ಪಾ ಅಂತ. ಅವನು ನನ್ನನ್ನು ನೋಡಿ ತಲೆ ತಗ್ಗಿಸಿದ.

"ಹುಲಿಗೇಶನ ಮನಿ ಮುಂದವಾ" ಅಂದ.

ಹುಲಿಗೇಶ ನನ್ನ ಗಂಡ. ಆರು ವರ್ಷದಿಂದ ಹಾಸಿಗೆ ಹಿಡಿದಿದ್ದಾನೆ.

ಓಡಿದೆ. ಕೈಯಲ್ಲಿದ್ದ ಸಸಿಯ ಕಟ್ಟು ಎಲ್ಲಿ ಬಿತ್ತೋ ತಿಳಿಯದು. ಕಾಲುವೆ ದಾಟುವಾಗ ಕೆಸರುಗೈಯಲ್ಲೇ ಹಣೆಯ ಕುಂಕುಮ ಒರೆಸಿಕೊಂಡೆ. ಯಾರೋ ಒರೆಸುವ ಮೊದಲು ನಾನೇ ಒರೆಸಿಕೊಳ್ಳಬೇಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಓಡುವಾಗ ಒಂದು ಗಳಿಗೆ ಹಗುರವೂ ಆಯಿತು. ಇನ್ನು ಆ ಬೆನ್ನಿನ ಹುಣ್ಣು ತೊಳೆಯುವುದಿಲ್ಲ, ಇನ್ನು ಅವನು ಹಲ್ಲು ಕಚ್ಚುವುದಿಲ್ಲ ಅಂದುಕೊಂಡೆ. ಮರುಗಳಿಗೆಗೆ ಹಾಗೆ ಅಂದುಕೊಂಡ ನನ್ನನ್ನೇ ಬೈದುಕೊಂಡು ಇನ್ನೂ ಜೋರಾಗಿ ಓಡಿದೆ.

ನಾನು ಬರುವ ಹೊತ್ತಿಗೆ ಕೇರಿಯ ಹೆಣ್ಣುಮಕ್ಕಳು ಎದೆ ಬಡಿದುಕೊಂಡು ಅಳುತ್ತಿದ್ದರು. ಪಕ್ಕದ ಮನೆಯವರು ಮೈ ತೊಳೆಯಲು ಅಂಗಳದ ಒಲೆಯ ಮೇಲೆ ಹಂಡೆ ಇಟ್ಟಿದ್ದರು. ಮನೆಯವರಿಗಿಂತ ಮೊದಲು ಒಳಗೆ ಹೋಗಬಾರದು ಅಂತ ಯಾರೂ ಹೊಸ್ತಿಲು ದಾಟಿರಲಿಲ್ಲ. ಅತ್ತೆ ಜಂಬಮ್ಮ ಹೊಸ್ತಿಲ ಹೊರಗೆ ಕೂತು ತಲೆಗೆ ಮಣ್ಣು ಹಾಕಿಕೊಳ್ಳುತ್ತಿದ್ದಳು. ನೀರಿಗೆ ಹೋಗಿದ್ದವಳು ಸದ್ದು ಕೇಳಿ ಕೊಡ ಎಸೆದು ಬಂದಿದ್ದಳು. ಒಳಗೆ ಹೋಗಿ ಮಗನ ಮುಖ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.

ನಾನು ಒಳಗೆ ಹೋದೆ. ಟಿವಿ ನಡೆದಿತ್ತು. ಅದರಲ್ಲಿ ಯಾರೋ ಒಬ್ಬಾಕೆ ನಗುನಗುತ್ತಾ ಬದನೆಕಾಯಿ ಹೆಚ್ಚುತ್ತಿದ್ದಳು. ಹುಲಿಗೇಶ ಬಾಗಿಲ ಕಡೆಗೇ ಕಣ್ಣಿಟ್ಟು ಮಲಗಿದ್ದ.

"ಕಾವೇರಿ, ನಾ ಸತ್ತೀನೇನು?" ಅಂದ.

ಅವನು ತಮಾಷೆ ಮಾಡುತ್ತಿರಲಿಲ್ಲ. ತನ್ನ ಬಾಗಿಲ ಮುಂದೆ ತನ್ನದೇ ಸಾವಿನ ಬಡಿತ ಕೇಳುತ್ತಾ ಅಷ್ಟು ಹೊತ್ತು ಒಬ್ಬನೇ ಮಲಗಿದ್ದ. ಕೂಗಿ ಕರೆದಿದ್ದನಂತೆ. ಹೊರಗಿನ ಅಳುವಿನಲ್ಲಿ ಅವನ ದನಿ ಯಾರಿಗೂ ಕೇಳಿರಲಿಲ್ಲ. ಅವನ ಎದೆಯ ಮೇಲೆ ಕೈ ಇಟ್ಟೆ. ಅಂಗಿಯ ಮೇಲೆ ಕೆಸರಿನ ಐದೂ ಬೆರಳು ಮೂಡಿದವು. ಮೊದಲು ಅಳು ಬಂತು. ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ಹೋಗಿಲ್ಲ.

ಹೊರಗೆ ಬಂದೆ. ಹಲಗೆ ಬಾರಿಸುತ್ತಿದ್ದವನು ಯರ್ರಿಸ್ವಾಮಿ, ಹುಲಿಗೇಶನ ಚಿಕ್ಕಪ್ಪನ ಮಗ. ಹುಲಿಗೇಶ ಬಿದ್ದ ಮೇಲೆ ಅದೇ ಕೇಬಲ್ ಕೆಲಸಕ್ಕೆ ಸೇರಿಕೊಂಡವನು. ನನ್ನನ್ನು ನೋಡಿದ್ದೇ ಅವನ ಕೈ ನಿಂತಿತು.

"ಯಾರ ಸಲುವಾಗಿ ಬಡ್ಯಾಕತ್ತೀಯೋ?" ಅಂದೆ.

ಅವನು ನೆಲ ನೋಡಿದ. "ಕೇಬಲ್ ಬಾಕಿಗೆ ಅತ್ತಿಗಿ" ಅಂದ.

ಅಳುತ್ತಿದ್ದವರ ಬಾಯಿ ತೆರೆದೇ ಉಳಿಯಿತು. ಒಲೆಯ ಹತ್ತಿರ ಕೂತಿದ್ದಾಕೆ ಎದ್ದು ಬಂದು, ಏನಂದ, ಏನಂದ ಅಂತ ಕೇಳಿದಳು.

ಯರ್ರಿಸ್ವಾಮಿಯ ಹಿಂದೆ ಬಿಳಿ ಕಾರು ನಿಂತಿತ್ತು. ಕಾರಿನ ಬಾಗಿಲಿಗೆ ಒರಗಿ ಅಮರೇಶ ಫೋನು ಎತ್ತಿ ಹಿಡಿದಿದ್ದ. ಕೇಬಲ್ ಮಾಲೀಕ ಚಿದಾನಂದಪ್ಪನ ಮಗ. ನಮ್ಮ ಅಳುವನ್ನೆಲ್ಲ ವಿಡಿಯೋ ಮಾಡಿಕೊಳ್ಳುತ್ತಿದ್ದ.

ಚಿದಾನಂದಪ್ಪನ ಕೇಬಲ್ಲಿಗೆ ನಮ್ಮೂರಲ್ಲಿ ಮೊದಲ ವಯರು ಎಳೆದವನು ನನ್ನ ಗಂಡ. ಕುರುಗೋಡಿನಿಂದ ನಮ್ಮೂರ ತನಕ, ಕಂಬದಿಂದ ಕಂಬಕ್ಕೆ, ಹೆಗಲ ಮೇಲೆ ವಯರಿನ ಸುರುಳಿ ಹೊತ್ತು ಎಳೆದ. ಮೇಲಿನ ಓಣಿಯಲ್ಲಿ ಮಾಳಿಗೆ ಹತ್ತಲು ಮನೆಯೊಳಗೇ ಮೆಟ್ಟಿಲಿತ್ತು. ಅವನಿಗೆ ಅದು ಇಲ್ಲ. ಹೊರಗೋಡೆಗೆ ಏಣಿ ಹಚ್ಚಿ ಹತ್ತಬೇಕು, ಕಿಟಕಿಯ ಸರಳಿನಿಂದ ವಯರಿನ ತುದಿ ಒಳಗೆ ಬಿಡಬೇಕು. ಒಳಗಿನವರು ಅದನ್ನು ತಾವೇ ಟಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅವನು ಇಳಿದು ಹೋದ ಮೇಲೆ ಮಾಳಿಗೆಗೆ ನೀರು ಚಿಮುಕಿಸುತ್ತಿದ್ದರು. ಇವನು ಎಳೆದ ವಯರಿನಲ್ಲಿ ಬಂದ ಚಿತ್ರಕ್ಕೆ ಮಾತ್ರ ಮೈಲಿಗೆ ಇರಲಿಲ್ಲ.

ಒಂದು ಸಂಜೆ ಗಾಳಿ ಎದ್ದು ವಯರು ಹರಿಯಿತು. ಅವತ್ತು ಕ್ರಿಕೆಟ್ ಇತ್ತು. ಚಿದಾನಂದಪ್ಪ ಫೋನು ಮಾಡಿ, "ಜಲ್ದಿ ಹತ್ತಲೇ, ಓಣಿ ಮಂದಿ ನನ್ನ ಜೀವಾ ತಿನ್ನಾಕತ್ಯಾರ" ಅಂದ. ಕರೆಂಟು ತೆಗೆಸಿಲ್ಲ, ಮಳೆ ಹನಿಯುತ್ತಿದೆ ಅಂತ ಇವನು ಹೇಳಿದ. "ದಿನಾ ಹತ್ತೋನಿಗೆ ಇವತ್ತೇನು ಬಂತಲೇ" ಅಂದ ಅವನು. ಇವನು ಹತ್ತಿದ. ಕೈಗೆ ಕರೆಂಟು ಬಡಿದು ಪಂಚಾಯ್ತಿ ಚರಂಡಿಯ ಕಲ್ಲಿನ ಮೇಲೆ ಬೆನ್ನು ಕೆಳಗಾಗಿ ಬಿದ್ದ.

ಬಳ್ಳಾರಿ ದೊಡ್ಡಾಸ್ಪತ್ರೆಯಲ್ಲಿ ಸೊಂಟದ ಕೆಳಗೆ ಇನ್ನು ಜೀವವಿಲ್ಲ ಅಂದರು. ಚಿದಾನಂದಪ್ಪ ಬಂದ. ಮಂಚದ ಕಾಲ ಬಳಿ ದೂರ ನಿಂತ. "ಕೇಸು ಗೀಸು ಬ್ಯಾಡವಾ. ನಮ್ಮ ಮನೆದೇವರ ಆಣಿ ಮಾಡಿ ಹೇಳ್ತೀನಿ. ಇಂವ ಇರೋತನ ನಿಮ್ಮ ಮನಿ ಟಿವಿ ಬಂದ್ ಆಗಂಗಿಲ್ಲ. ಒಂದು ಪೈಸಾ ಕೇಳಂಗಿಲ್ಲ" ಅಂದ. ಔಷಧಿಯ ಮಾತು ಎತ್ತಿದೆ. ಅವನು ಗಡಿಯಾರ ನೋಡಿಕೊಂಡು, ಬಸ್ಸು ಹೋಗುತ್ತದೆ ಅಂದ. ಕಾರಿನಲ್ಲಿ ಬಂದಿದ್ದ.

ಕೇಸು ಮಾಡಬೇಕಿತ್ತು ಅಂತ ಈಗ ಎಲ್ಲರೂ ಹೇಳುತ್ತಾರೆ. ಆಗ ಯಾರೂ ಹೇಳಲಿಲ್ಲ. ಹಿರಿಯರು ಕೂತು ಒಪ್ಪಿಕೊಂಡು ಬಂದರು. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ? ನನ್ನನ್ನೂ ಕೇಳಲಿಲ್ಲ, ಅವನನ್ನೂ ಕೇಳಲಿಲ್ಲ. ಒಬ್ಬ ಗಂಡಸಿನ ಸೊಂಟಕ್ಕೆ ಒಂದು ಟಿವಿ ಕನೆಕ್ಷನ್ ಅಂತ ತೀರ್ಮಾನವಾಯಿತು. ಟಿವಿ ಕೂಡ ಅವರದ್ದಲ್ಲ. ರಾರಾವಿಯ ನನ್ನ ತವರಿನವರು ಹಾಕಿದ್ದ ಬೆಂಡೋಲೆ ಮಾರಿ, ಬ್ರೂಸ್‌ಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತಂದದ್ದು. ಅವರು ಕೊಟ್ಟದ್ದು ಬರೀ ವಯರು, ಅದರ ತುದಿಗೆ ಒಂದು ಬಾಕ್ಸು. ಆ ವಯರನ್ನು ಎಳೆದವನೂ ನನ್ನ ಗಂಡನೇ.

ಆದರೂ ಆ ಟಿವಿ ನಮಗೆ ಬೇಕಿತ್ತು. ಇದನ್ನು ಮರೆಮಾಚಿ ದೊಡ್ಡವಳಾಗುವುದಿಲ್ಲ. ನಾನು ಬೆಳಗಿನ ಜಾವ ಎದ್ದು ಅವನ ಹೇಲು ಉಚ್ಚೆ ತೆಗೆದು, ಮೈ ಒರೆಸಿ, ಬೆನ್ನಿನ ಹುಣ್ಣಿಗೆ ಬಟ್ಟೆ ಬದಲಿಸಿ, ಒಂದು ಮಗ್ಗುಲಿಗೆ ಒರಗಿಸಿ ಕೂಲಿಗೆ ಹೋಗುತ್ತೇನೆ. ಮಗ್ಗುಲು ಬದಲಿಸದಿದ್ದರೆ ಹುಣ್ಣು ಎಲುಬಿಗೆ ಇಳಿಯುತ್ತದೆ. ಜಂಬಮ್ಮನ ತೋಳಿಗೆ ಅವನನ್ನು ಎತ್ತುವ ಕಸುವಿಲ್ಲ. ಹೊಲದಿಂದ ಓಡಿ ಬಂದು ಬದಲಿಸಿ ಮತ್ತೆ ಓಡುತ್ತೇನೆ. ಆ ಓಟಕ್ಕೆ ಮೇಸ್ತ್ರಿ ಕೂಲಿ ಮುರಿಯುತ್ತಾನೆ. ನಾನಿಲ್ಲದ ಹೊತ್ತಿನಲ್ಲಿ ಅವನ ಕಣ್ಣ ಮುಂದೆ ಇರುವುದು ಆ ಟಿವಿ ಒಂದೇ. ಕರೆಂಟು ಹೋದ ದಿನ ನಾನು ಬರುವ ಹೊತ್ತಿಗೆ ಅವನ ಮುಖ ಬೇರೆಯೇ ಇರುತ್ತದೆ. "ನನ್ನ ಬಾವ್ಯಾಗರ ದಬ್ಬಬಾರದೇನು" ಅನ್ನುತ್ತಾನೆ. ಟಿವಿ ನಡೆದ ದಿನ ಹಾಗೆ ಅನ್ನುವುದಿಲ್ಲ. ಯಾವ ಊರಲ್ಲಿ ಮಳೆ ಆಯಿತು, ಯಾರು ಯಾರಿಗೆ ಮೋಸ ಮಾಡಿದರು ಅಂತ ನನಗೆ ಹೇಳುತ್ತಾನೆ. ನಾನು ಹೂಂಗುಟ್ಟುತ್ತಾ ರೊಟ್ಟಿ ಬಡಿಯುತ್ತೇನೆ.

ಚಿದಾನಂದಪ್ಪನಿಗೆ ಮೊಣಕಾಲು ನೋವು ಬಂದು ಅವನು ಕಟ್ಟೆ ಹಿಡಿದ ಮೇಲೆ ಕೇಬಲ್ಲು ಅಮರೇಶನ ಕೈಗೆ ಹೋಯಿತು. ಸಿರುಗುಪ್ಪ ಕಡೆಯ ಊರುಗಳನ್ನೂ ಸೇರಿಸಿಕೊಂಡ. ಬಳ್ಳಾರಿಯಲ್ಲಿ ಏಸಿ ಹಾಕಿದ ಆಫೀಸು ಮಾಡಿದ. ಜನ ಮಾತ್ರ ಕಡಿಮೆಯಾಗುತ್ತಾ ಹೋದರು. ಕೆಲವರು ಡಿಶ್ ಹಾಕಿಸಿದರು, ಕೆಲವರು ಫೋನಿನಲ್ಲೇ ನೋಡತೊಡಗಿದರು. ಅಮರೇಶ ತನ್ನ ಲೆಕ್ಕದಲ್ಲಿ ನೋಡಿ, ಇದಕ್ಕೆಲ್ಲ ಕಳ್ಳ ಕನೆಕ್ಷನ್ನೇ ಕಾರಣ ಅಂದ. ಕಳ್ಳ ಕನೆಕ್ಷನ್ ಇದ್ದದ್ದು ನಿಜ. ಮೇಲಿನ ಓಣಿಯಲ್ಲಿ ಒಂದು ಮನೆಯ ವಯರು ಸೀಳಿ ಅಣ್ಣತಮ್ಮಂದಿರ ಮೂರು ಮನೆಗೆ ಹಾಕಿಕೊಂಡಿದ್ದರು. ಊರಿಗೆಲ್ಲ ಗೊತ್ತಿದ್ದ ಮಾತು ಅದು. ಅವರಿಗೆ ಅಮರೇಶ ಫೋನು ಮಾಡಿ, "ಅಣ್ಣಾ, ಅನುಕೂಲ ಆದಾಗ ಸ್ವಲ್ಪ ನೋಡ್ರಿ" ಅನ್ನುತ್ತಿದ್ದ. ಮೇಲಿನ ಓಣಿಗೆ ಫೋನು, ನಮ್ಮ ಕೇರಿಗೆ ಹಲಗೆ.

ಯಾವುದೋ ಊರಲ್ಲಿ ತೆರಿಗೆ ಕಟ್ಟದವರ ಅಂಗಡಿ ಮುಂದೆ ತಮಟೆ ಬಾರಿಸಿ ವಸೂಲಿ ಮಾಡಿದ್ದನ್ನು ಅವನು ಫೋನಿನಲ್ಲಿ ನೋಡಿದ್ದನಂತೆ. ಯರ್ರಿಸ್ವಾಮಿಗೆ ಹೇಳಿದ್ದ, ಟಿವಿ ಬಂದ್ ಮಾಡಿದರೆ ಜನ ಡಿಶ್ ಹಾಕಿಸಿಕೊಳ್ಳುತ್ತಾರೆ, ಮಾನ ತೆಗೆದರೆ ದುಡ್ಡು ಬರುತ್ತದೆ ಅಂತ. ನನಗೆ ಬಾರಿಸಲು ಬರುವುದಿಲ್ಲ ಅಂತ ಇವನು ಕೈ ಮುಗಿದನಂತೆ. "ನಿಮ್ಮ ಮಂದಿಗೆ ಹಲಗಿ ಕಲಿಸಬೇಕೇನಲೇ? ರಕ್ತದಾಗ ಇರತೈತಿ" ಅಂದನಂತೆ ಅಮರೇಶ. ನನಗೆ ಸಾವಿನ ಬಡಿತ ಒಂದೇ ಬರುತ್ತದೆ, ಅಪ್ಪ ಸತ್ತಾಗ ಕಲಿತದ್ದು ಅಂದನಂತೆ ಇವನು. "ಯಾವುದಾದರೇನಲೇ, ಸದ್ದು ಬಂದರ ಸಾಕು. ಇಲ್ಲಂದರ ನಾಳೆಯಿಂದ ಬರಬ್ಯಾಡ" ಅಂದನಂತೆ ಅಮರೇಶ. ಇವನು ಗುಡಿಗೆ ಹೋಗಿ ಹಲಗೆ ಇಳಿಸಿಕೊಂಡು ಬಂದ. ಇವನ ಮನೆಯಲ್ಲಿ ಬಾಣಂತಿ ಹೆಂಡತಿ ಇದ್ದಾಳೆ. ಇವನ ಮೇಲೆ ಸಿಟ್ಟಾಗಲು ನನ್ನಿಂದ ಆಗಲಿಲ್ಲ.

ಇಷ್ಟನ್ನೂ ಯರ್ರಿಸ್ವಾಮಿ ಎಲ್ಲರ ಎದುರಿಗೇ ಹೇಳಿದ. ಅಮರೇಶ ಅಡ್ಡ ಬರಲಿಲ್ಲ. ಅವನಿಗೆ ಅದರಲ್ಲಿ ನಾಚಿಕೆಯದ್ದು ಏನೂ ಕಾಣಲಿಲ್ಲ.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ" ಅಂದ ಅವನು. "ಟಿವಿ ಬೇಕು, ರೊಕ್ಕ ಬ್ಯಾಡ. ಆರು ವರ್ಷದ ಬಾಕಿ ಐತಿ ನಿಮ್ಮದು."

"ನಿಮ್ಮಪ್ಪ ಮಾತು ಕೊಟ್ಟಾನ" ಅಂದೆ.

"ಯಾವ ಮಾತು? ಕಾಗದ ಐತೇನು?"

"ಆಣಿ ಮಾಡ್ಯಾನ. ಆಣಿಗೆ ಯಾರು ಕಾಗದ ಬರಸ್ಕೊಂತಾರ?"

ಅವನು ನಕ್ಕ. ಆಮೇಲೆ ಜನ ಸುತ್ತ ಸೇರುವುದನ್ನು ನೋಡಿ ದನಿ ಇಳಿಸಿದ. "ನೋಡು ಕಾವೇರಿ, ನಾನೂ ಮನುಷ್ಯಾ ಅದೀನಿ. ಹಳೇದೆಲ್ಲ ಮಾಫ್ ಮಾಡ್ತೀನಿ. ಟಿವಿನೂ ನಡೀತೈತಿ. ಈ ಫೋನಿನ ಮುಂದ ಒಂದ ಮಾತು ಹೇಳು. ನಾವು ರೊಕ್ಕ ಕಟ್ಟದ ಕಳ್ಳ ಲೈನ್ ಹಾಕ್ಕೊಂಡಿದ್ವಿ, ತಪ್ಪಾತು ಅನ್ನು. ಸಾಕು. ಉಳಿದ ಊರಾಗ ತೋರಿಸಿದ್ರ ಕಳ್ಳರಿಗೆ ಅಂಜಿಕಿ ಬರತೈತಿ."

ಮಾತು ನನ್ನ ಬಾಯಿಯ ತನಕ ಬಂದಿತ್ತು. ಹೇಳಿದರೆ ನನ್ನದೇನು ಹೋಗುತ್ತಿತ್ತು? ಮಾನ ಅಂದರೆ ಬೆನ್ನಿನ ಹುಣ್ಣಿಗೆ ಹಚ್ಚಲು ಬರುವುದಿಲ್ಲ. ನಾಳೆ ಬೆಳಿಗ್ಗೆ ನಾನು ನಾಟಿಗೆ ಹೋದ ಮೇಲೆ ಅವನು ತಗಡಿನ ಸೂರು ನೋಡುತ್ತಾ ಮಲಗುತ್ತಾನೆ, ಬಾವಿಯ ಮಾತು ಆಡುತ್ತಾನೆ. ಒಳಗೆ ತಿರುಗಿ ನೋಡಿದೆ. ಬಾಗಿಲಿನಿಂದ ಅವನ ಮುಖ ಕಾಣುತ್ತಿತ್ತು. ಅವನು ಟಿವಿ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ. ಹೇಳು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕಳ್ಳ ಅನ್ನುವ ಮಾತು ನನ್ನ ಬಾಯಿಂದ ಬರುತ್ತದೋ ಅಂತ ಕಾಯುತ್ತಿದ್ದ.

"ಹೇಳಂಗಿಲ್ಲ" ಅಂದೆ.

"ವಿಚಾರ ಮಾಡು."

"ಮಾಡೀನಿ. ನನ್ನ ಗಂಡನ ಸೊಂಟ ನಿಮ್ಮ ಮನ್ಯಾಗ ಐತಿ. ಅದನ್ನ ತಂದು ಕೊಡು, ಟಿವಿ ಒಯ್ಯಿ."

ಅಮರೇಶನ ಮುಖ ಕೆಂಪಾಯಿತು. ಒಳಗೆ ಹೋಗಿ ಬಾಕ್ಸು ಕಿತ್ತು ತಾ ಅಂತ ಯರ್ರಿಸ್ವಾಮಿಗೆ ಹೇಳಿದ. ತಾನೇ ಹೋಗಬಹುದಿತ್ತು, ನಾಲ್ಕು ಹೆಜ್ಜೆಯ ದಾರಿ. ಆದರೆ ನಮ್ಮ ಹೊಸ್ತಿಲು ದಾಟಲು ಅವನಿಗೆ ಆಗುವುದಿಲ್ಲ. ಯರ್ರಿಸ್ವಾಮಿ ಅಲ್ಲಾಡಲಿಲ್ಲ. ಸೊಂಟದ ಪಟ್ಟಿ ಬಿಚ್ಚಿದ. ಅದರಲ್ಲಿ ಕಟಿಂಗ್ ಪ್ಲೇಯರು, ಟೆಸ್ಟರು, ಟೇಪಿನ ಸುರುಳಿ ಇದ್ದವು. ಪಟ್ಟಿಯನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟ.

"ನೀವು ಕಿತ್ಕೊಳ್ರಿ ಸಾರ್. ನಾ ಬರಂಗಿಲ್ಲ" ಅಂದ.

ಅಮರೇಶ ಬಳ್ಳಾರಿಯ ತನ್ನ ಆಫೀಸಿಗೆ ಒಂದು ಫೋನು ಮಾಡಿದ. ಹೆಸರು ಹೇಳಿದ, ಊರು ಹೇಳಿದ. ಒಳಗೆ ಬದನೆಕಾಯಿ ಹೆಚ್ಚುತ್ತಿದ್ದಾಕೆಯ ದನಿ ಅರ್ಧಕ್ಕೇ ನಿಂತಿತು. ಪರದೆ ನೀಲಿಯಾಯಿತು. ಶುಲ್ಕ ಬಾಕಿ ಇದೆ, ನಿಮ್ಮ ಆಪರೇಟರನ್ನು ಸಂಪರ್ಕಿಸಿ ಅಂತ ಅದರ ಮೇಲೆ ಅಕ್ಷರ ಬಂತು. ಹುಲಿಗೇಶ ಆ ನೀಲಿಯನ್ನು ನೋಡುತ್ತಾ ಮಲಗಿದ.

ಅಮರೇಶ ಕಾರು ಹತ್ತಿ ತಿರುಗಿಸಿಕೊಳ್ಳುತ್ತಿದ್ದ. ಜನ ಚದುರುತ್ತಿದ್ದರು. ಆಗ ಜಂಬಮ್ಮ ಎದ್ದು ನಿಂತಳು. ತಲೆಯ ತುಂಬ ಮಣ್ಣಿತ್ತು.

"ಯಾರೂ ಹೋಗಬ್ಯಾಡ್ರಿ" ಅಂದಳು. "ಮನಿ ಮುಂದ ಸಾವಿನ ಹಲಗಿ ಬಿದ್ದೈತಿ. ಸಿದಗಿ ಏಳೋತನ ನಿಲ್ಲಬಾರದು. ನಿಂತ್ರ ಈ ಮನೀಗೂ ಕೇಡು, ಕೇರಿಗೂ ಕೇಡು. ಬಾರಿಸಲೇ ಯರ್ರೀ."

ಇದು ನಮ್ಮ ಕಟ್ಟಳೆ. ಸಾವಿನ ಬಡಿತ ಶುರುವಾದ ಮನೆಯಿಂದ ಸಿದಗಿ, ಅಂದರೆ ಚಟ್ಟ, ಹೊರಡಲೇಬೇಕು. ಬಡಿತವನ್ನು ಬರಿಗೈಯಲ್ಲಿ ತಿರುಗಿ ಕಳಿಸಿದ್ದು ನಮ್ಮ ನೆನಪಿನಲ್ಲಿ ಇಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಟಿವಿಯನ್ನೇ ಚಟ್ಟಕ್ಕೆ ಕಟ್ಟಿ ಕಾಲುವೆಗೆ ಹಾಕಿ ಬರೋಣ ಅಂದ ಒಬ್ಬ. ಹುಲ್ಲಿನ ಗೊಂಬೆ ಮಾಡೋಣ ಅಂದ ಇನ್ನೊಬ್ಬ.

ಒಳಗಿಂದ ಹುಲಿಗೇಶನ ದನಿ ಬಂತು.

"ಟಿವಿಗೆ ಯಾಕ ಸಿದಗಿ? ಬಡಿದದ್ದು ನನ್ನ ಹೆಸರಿಗೆ. ನನ್ನ ಎತ್ತರಿ."

ಬೇಡ ಅಂದೆ. ಹುಚ್ಚೇನು ನಿನಗೆ ಅಂದೆ. ಅವನು ನನ್ನ ಮಣಿಕಟ್ಟು ಹಿಡಿದ. ಕೈಯಲ್ಲಿ ಇನ್ನೂ ಕಂಬ ಹತ್ತಿದ ಕಸುವಿತ್ತು.

"ಕಾವೇರಿ, ಅಂವ ಟಿವಿ ತಗೊಂಡ, ತಗೊಳ್ಳಿ. ಕಳ್ಳ ಅಂದು ಹೋದ. ಅದನ್ನ ನಾ ಹೊತ್ಕೊಂಡು ಮಲಗಾಕ ಆಗಂಗಿಲ್ಲ. ನನ್ನ ಚಿದಾನಂದಪ್ಪನ ಮನೀಗೆ ಒಯ್ರಿ."

ಬಿದಿರು ತಂದರು. ಚಟ್ಟ ಕಟ್ಟಿದರು. ಅದರ ಮೇಲೆ ಹುಲ್ಲು ಹಾಸಿ, ನನ್ನ ಕೌದಿ ಹಾಸಿ, ಅವನನ್ನು ಎತ್ತಿ ಮಲಗಿಸಿದೆವು. ಕಾಲು ಜಾರದ ಹಾಗೆ ನಾನೇ ಹಗ್ಗ ಕಟ್ಟಿದೆ. ಜೀವಂತ ಗಂಡನನ್ನು ಚಟ್ಟಕ್ಕೆ ಕಟ್ಟಿದವಳು ನಾನು. ಯಾವ ಹೆಂಗಸಿಗೂ ಆ ಕೆಲಸ ಬರಬಾರದು. ಹೊರಗೆ ಬಂದಾಗ ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಆರು ವರ್ಷದಲ್ಲಿ ಬಿಸಿಲು ಅವನ ಮುಖದ ಮೇಲೆ ಬಿದ್ದಿರಲಿಲ್ಲ. ಕಣ್ಣ ತುದಿಯಿಂದ ನೀರು ಇಳಿಯುತ್ತಿತ್ತು. ಬೆಳಕಿಗೋ ಅಳುವಿಗೋ ನಾನು ಕೇಳಲಿಲ್ಲ.

ಯರ್ರಿಸ್ವಾಮಿ ಮುಂದೆ ನಡೆದ. ಈಗ ಅವನ ಏಟು ತಪ್ಪುತ್ತಿರಲಿಲ್ಲ.

ನಮ್ಮ ಹೆಣಗಳು ಕಾಲುವೆಯ ಹಿಂದಿನ ದಾರಿಯಿಂದ ಹೋಗುತ್ತವೆ. ಮೇಲಿನ ಓಣಿಯಲ್ಲಿ ನಮ್ಮ ಚಟ್ಟ ಹೋದದ್ದು ಯಾರಿಗೂ ನೆನಪಿಲ್ಲ. ಅಗಸೆ ಬಾಗಿಲ ಹತ್ತಿರ ಹೊತ್ತವರ ಕಾಲು ತಾವಾಗಿಯೇ ಕಾಲುವೆಯ ಕಡೆ ತಿರುಗಿದವು. ಜಂಬಮ್ಮ ಮುಂದೆ ಬಂದು ಬಿದಿರಿನ ತುದಿ ಹಿಡಿದು ಮೇಲಿನ ಓಣಿಗೆ ಎಳೆದಳು. ಕಟ್ಟೆಗಳ ಮೇಲೆ ಕೂತಿದ್ದವರು ಎದ್ದು ನಿಂತರು. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಒಬ್ಬ ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ಕೂಗಿದ.

"ಲೇ, ದಾರಿ ತಪ್ಪೀರೇನು? ನಿಮ್ಮ ಹೆಣದ ದಾರಿ ಆ ಕಡೆ ಐತಿ."

"ಹೆಣ ಅಲ್ಲಪಾ" ಅಂದಳು ಜಂಬಮ್ಮ. "ಬಾಕಿದಾರ."

ಯಾರೋ ಹಿಂದಿನಿಂದ ಕಲ್ಲು ಎಸೆದರು. ಹೊತ್ತವರಲ್ಲಿ ಒಬ್ಬನ ಹೆಗಲಿಗೆ ತಾಗಿತು. ಅವನು ಹೆಗಲು ಬದಲಿಸಲಿಲ್ಲ. ನಾನು ಹುಲಿಗೇಶನ ತಲೆಯ ಪಕ್ಕದಲ್ಲಿ ನಡೆಯುತ್ತಿದ್ದೆ, ನನ್ನ ಸೆರಗನ್ನು ಅವನ ಮುಖಕ್ಕೆ ನೆರಳು ಹಿಡಿದಿದ್ದೆ. ಅವನು ಕಣ್ಣು ಬಿಟ್ಟು ಮೇಲೆ ನೋಡುತ್ತಿದ್ದ. ಮೇಲೆ ಅವನೇ ಎಳೆದ ವಯರುಗಳು ಮಾಳಿಗೆಯಿಂದ ಮಾಳಿಗೆಗೆ ಹೋಗಿದ್ದವು. ಕಾಗೆ ಕೂತಿದ್ದವು. ಚಿದಾನಂದಪ್ಪನ ಮನೆ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡ.

ಚಿದಾನಂದಪ್ಪ ಪಡಸಾಲೆಯ ಕುರ್ಚಿಯಲ್ಲಿದ್ದ. ಹಲಗೆಯ ಸದ್ದಿಗೆ ಕೋಲು ಊರಿಕೊಂಡು ಹೊರಗೆ ಬಂದ. ಚಟ್ಟ ನೋಡಿದ. ನನ್ನ ಬೋಳು ಹಣೆ ನೋಡಿದ. ಮುದುಕ ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿದು, ತಲೆಯ ಟೋಪಿ ತೆಗೆದು ಕೈ ಮುಗಿದ.

"ಯಾವಾಗ ಆತವಾ?" ಅಂದ.

ನಾನು ಹುಲಿಗೇಶನ ಮುಖಕ್ಕೆ ನೆರಳು ಹಿಡಿದೇ ನಿಂತೆ.

"ಪಾಪ, ಭಾಳ ನರಳಿದ. ಚಲೋ ಹುಡುಗ. ನಮ್ಮ ಮನೀಗೆ ಭಾಳ ದುಡದ. ಮಣ್ಣಿನ ಖರ್ಚು ನಾ ನೋಡ್ಕೊಂತೀನಿ, ಕಳಸ್ತೀನಿ ಹೋಗ್ರಿ" ಅಂದ.

"ಖರ್ಚು ಬ್ಯಾಡ್ರಿ ಸಾಹುಕಾರ್ರ"  ಅಂದ ಹುಲಿಗೇಶ. "ನಾ ಇನ್ನ ಹೋಗಿಲ್ಲ."

ಮುದುಕನ ಕೋಲು ಕೈಬಿಟ್ಟು ಕಲ್ಲಿನ ಮೇಲೆ ಬಿತ್ತು. ಅವನು ಹಿಂದೆ ಸರಿದು ಕಂಬಕ್ಕೆ ಒರಗಿದ. ಅಷ್ಟರಲ್ಲಿ ಬಿಳಿ ಕಾರು ಬಂದು ನಿಂತಿತು. ಅಮರೇಶ ಇಳಿದು ಕೂಗತೊಡಗಿದ, ಪೊಲೀಸರಿಗೆ ಫೋನು ಮಾಡುತ್ತೇನೆ ಅಂದ, ಈ ಓಣಿಯಲ್ಲಿ ಏನು ನಿಮ್ಮ ಕೆಲಸ ಅಂದ. ಹುಲಿಗೇಶ ಅವನ ಕಡೆ ನೋಡಲಿಲ್ಲ.

"ಆಸ್ಪತ್ರ್ಯಾಗ ಮಂಚದ ಕಡೀಗೆ ನಿಂತು ನೀವು ಒಂದು ಮಾತು ಹೇಳಿದ್ರಿ. ಅದನ್ನ ಈಗ ನಿಮ್ಮ ಮಗನ ಫೋನಿನ ಮುಂದ ಹೇಳ್ರಿ. ಟಿವಿ ಬ್ಯಾಡ. ನಾ ಕಳ್ಳ ಅಲ್ಲ ಅನ್ನೂದೊಂದ ಹೇಳ್ರಿ ಸಾಕು."

ಓಣಿಯೆಲ್ಲ ಕಿವಿಯಾಗಿತ್ತು. ಹಲಗೆಯೂ ನಿಂತಿತ್ತು. ಚಿದಾನಂದಪ್ಪ ಮಗನನ್ನು ನೋಡಿದ. ಮಗ ತಲೆ ಅಡ್ಡಡ್ಡ ಅಲ್ಲಾಡಿಸಿದ. ಮುದುಕ ಕಟ್ಟೆಗಳ ಮೇಲೆ ನಿಂತ ತನ್ನವರನ್ನು ನೋಡಿದ. ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಹೇಳುತ್ತಾನೆ ಅಂತಲೇ ನಾನು ನಂಬಿದ್ದೆ.

"ಏನು ಮಾತೋ ತಮ್ಮಾ" ಅಂದ. "ವಯಸ್ಸಾತು. ನನಗ ನೆನಪಿಲ್ಲ."

ಹುಲಿಗೇಶ ಹೊತ್ತವರಿಗೆ, "ಇಳಸ್ರಿ" ಅಂದ.

ಚಿದಾನಂದಪ್ಪನ ಬಾಗಿಲ ಮುಂದೆ, ರಂಗೋಲಿಯ ಮೇಲೆ ಚಟ್ಟ ಇಳಿಸಿದರು. ಅಮರೇಶ ಇನ್ನೂ ಕೂಗುತ್ತಿದ್ದ. ನಾನು ಮೊಣಕಾಲೂರಿ ಕೂತು ಹಗ್ಗ ಬಿಚ್ಚಿದೆ. ಕೌದಿಯಲ್ಲಿ ಕೀವು ಇಳಿದಿತ್ತು. ನಾಟಿಯಿಂದ ಓಡಿ ಬಂದಾಗಿನಿಂದ ಅವನ ಮಗ್ಗುಲು ಬದಲಿಸಿರಲಿಲ್ಲ. ಅವನ ಅಂಗಿ ಎತ್ತಿದೆ. ಬೆನ್ನು ಓಣಿಗೆಲ್ಲ ಕಂಡಿತು. ಹತ್ತಿರ ನಿಂತವರು ಮೂಗು ಮುಚ್ಚಿಕೊಂಡರು. ನನಗೆ ನಾಚಿಕೆಯಾಗಲಿಲ್ಲ.

ಯರ್ರಿಸ್ವಾಮಿ ಹಲಗೆ ಕೆಳಗಿಟ್ಟು ಹಿಡಿಯಲು ಬಂದ. ಬೇಡ ಅಂದೆ.

"ಸಾಹುಕಾರ್ರ" ಅಂದೆ. "ಹೊತ್ತಾತು, ಮಗ್ಗಲಾ ಬದಲಸಬೇಕು. ನನಗ ಒಬ್ಬಾಕಿಗೆ ಆಗಂಗಿಲ್ಲ. ಬರ್ರಿ, ಆ ಕಡೆ ಹಿಡೀರಿ."

ಚಿದಾನಂದಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಹಿಡೀರಿ" ಅಂದೆ ಮತ್ತೆ.

ಅವನು ಹಿಡಿಯಲಿಲ್ಲ. ನಾವೂ ಅವನ ಬಾಗಿಲು ಬಿಟ್ಟು ಎದ್ದು ಬರಲಿಲ್ಲ.